ಮಾಸ್ತರರ ಯೂನಿಫಾರ್ಮು

ಎಲ್ಲಾ ಶುರುವಾದದ್ದು ಅನುಜಾ ಕೈ ಎತ್ತದೆ ಕೂತದ್ದರಿಂದ.

ಗಣಿತ ಅಂದರೆ ಸಾಕು, ಪ್ರಶ್ನೆ ಮುಗಿಯುವ ಮೊದಲೇ ಬೋರ್ಡಿನ ಹತ್ತಿರ ನಿಂತಿರುತ್ತಿದ್ದ ಹುಡುಗಿ ಅವಳು. ಒಂಬತ್ತನೇ ಇಯತ್ತೆಗೆ ಹೊಸ ಯೂನಿಫಾರ್ಮು ಬಂದದ್ದೇ ತಡ, ಹಿಂದಿನ ಬೆಂಚು ಹಿಡಿದವಳು ಎದ್ದೇ ಇರಲಿಲ್ಲ. ಬಿಗಿ ಅಂಗಿ, ಅದರ ಮೇಲೆ ಚಾಕ್ಲೇಟ್ ಬಣ್ಣದ ದಪ್ಪ ವೇಸ್ಟ್‌ಕೋಟು, ಕೊರಳಿಗೊಂದು ಟೈ. ಸದ್ಯ ಇದು ಆ ಒಂದು ಇಯತ್ತೆಗಷ್ಟೇ ಪ್ರಯೋಗ. ನಾಳೆ ಸಂಜೆಯ ಪಾಲಕರ ಸಭೆ ಒಪ್ಪಿದರೆ ಇಡೀ ಶಾಲೆಗೆ. ಒಪ್ಪೇ ಒಪ್ಪುತ್ತದೆ ಎಂಬ ಧೈರ್ಯದಿಂದ ಚೇರ್ಮನ್ ಸಂಕಪ್ಪ ಶೆಟ್ಟರು ಆಗಲೇ ಬಟ್ಟೆಯ ಥಾನು ತರಿಸಿ ಆಫೀಸಿನ ಮೂಲೆಯಲ್ಲಿ ಮಾಳಿಗೆ ಮುಟ್ಟುವಂತೆ ಒಟ್ಟಿಸಿದ್ದರು.

"ಯಾಕವಾ, ಲೆಕ್ಕ ಬರೂದಿಲ್ಲೇನು?" ಸಿದ್ದಾರೂಢ ಮಾಸ್ತರರು ಕೇಳಿದರು.

"ಬರ್ತದ್ರಿ ಸರ್. ಈ ಅಂಗಿಯೊಳಗ ಬರೂದಿಲ್ಲ."

ಕ್ಲಾಸು ನಕ್ಕಿತು. ಮಾಸ್ತರರು ನಗಲಿಲ್ಲ. ಯೂನಿಫಾರ್ಮಿನ ಪರವಾಗಿ ಶಾಲೆಯಲ್ಲಿ ಮೊದಲು ಭಾಷಣ ಮಾಡಿದವರೇ ಅವರು. "ಇದನ್ನ ಹಾಕ್ಕೊಂಡ್ರ ಶಿಸ್ತು ತಾನಾಗೇ ಬರ್ತದ, ತಲಿ ಓದಿನ ಕಡೆ ಹೋಗ್ತದ" ಎಂದು ಮತ್ತೊಮ್ಮೆ ಬಿಡಿಸಿ ಹೇಳಿದರು.

"ಹಂಗಾರ ನೀವೂ ಒಂದಿನ ಹಾಕ್ಕೊಂಡು ಪಾಠಾ ಮಾಡ್ರಿ ಸರ್," ಎಂದಳು ಅನುಜಾ, ಬಹಳ ವಿನಯದಿಂದ.

ಹಿಂದೆ ಸರಿಯುವ ಆಸಾಮಿಯಲ್ಲ ಮಾಸ್ತರರು. ಅವತ್ತೇ ಶಿಂಪಿಯ ಹತ್ತಿರ ಹೋದರು. ಅವನೂ ಮಕ್ಕಳ ಅಳತೆಯನ್ನೇ ತುಸು ಹಿಗ್ಗಿಸಿ ಸಂಜೆಯೊಳಗೆ ಹೊಲಿದುಕೊಟ್ಟ. ಹೊಟ್ಟೆಯ ವಿಚಾರ ಅವನ ತಲೆಗೆ ಬಂದಿರಲಿಲ್ಲ.

ಬೆಳಿಗ್ಗೆ ಹೆಂಡತಿ ಗೋದಾ ಅವರನ್ನು ಮೇಲಿಂದ ಕೆಳಗೆ ನೋಡಿ, "ಡಬ್ಬಿಗೆ ಜ್ಯಾಮ್ ಚಪಾತಿ ಹಾಕ್ಲ್ಯಾ?" ಎಂದಳು. ಎದುರು ಮನೆಯ ದೇವೀರಮ್ಮ ಕಸಬರಿಗೆ ನಿಲ್ಲಿಸಿ, "ಯಾವ ಸಾಲಿಗೆ ಹೆಸರ ಹಚ್ಚೀರಿ ಮಾಸ್ತರ?" ಎಂದು ಕೇಳಿದರು. ಮನೆ ಹತ್ತಿರದ ಕಾತ್ರಜದಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು ಮರಾಠಿಯಲ್ಲಿ, "ಕಾಕಾ, ಪಾಸ್ ದಾಖವಾ," ಎಂದು ವಿದ್ಯಾರ್ಥಿ ಪಾಸಿಗೆ ಕೈ ಚಾಚಿದ. ಶಾಲೆಯಿರುವ ಶಿವಾಜಿನಗರ ಬರುವ ತನಕ ಕಾಲೇಜು ಹುಡುಗರು ಅವರ ಫೋಟೋ ತೆಗೆದರು. ಶಾಲೆಯ ವಾಚ್‌ಮನ್ನು ಮುಖ ನೋಡದೆ, ತಡವಾಗಿ ಬಂದ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದ. ಶಿಸ್ತಿಗಾಗಿ ಅಲ್ಲವೇ ಎಂದು ಮಾಸ್ತರರು ಸುಮ್ಮನೆ ನಿಂತರು.

ನಿಜವಾದ ಫಜೀತಿ ಆಮೇಲೆ. ಬೋರ್ಡಿಗೆ ಕೈ ಎತ್ತಿದರೋ ಇಲ್ಲವೋ, ವೇಸ್ಟ್‌ಕೋಟು ಎದೆಗೇರಿತು, ಅಂಗಿ ಪ್ಯಾಂಟಿನಿಂದ ಹೊರಬಂತು, ಹೊಟ್ಟೆ ಕಿಟಕಿ ತೆರೆದಂತೆ ಕಂಡಿತು. ಅಂಗಿ ಸಿಕ್ಕಿಸಿ ಮತ್ತೆ ಎತ್ತಿದರೆ ಮತ್ತೆ ಅದೇ ಕತೆ. ಕಡೆಗೆ ಬೋರ್ಡಿನ ಬುಡದಲ್ಲಿ, ಮೊಣಕಾಲ ಮಟ್ಟದಲ್ಲಿ ಬರೆಯತೊಡಗಿದರು. ಬೆವರು ಕಣ್ಣಿಗಿಳಿಯುತ್ತಿತ್ತು. ಅರ್ಧ ಮನಸ್ಸು ಲೆಕ್ಕದ ಮೇಲೆ, ಅರ್ಧ ಬೆನ್ನ ಹಿಂದಿನ ಕಣ್ಣುಗಳ ಮೇಲೆ.

"ಏಳೆಂಟಲೆ ಐವತ್ನಾಲ್ಕು," ಎಂದರು.

"ಐವತ್ತಾರು, ಸರ್." ಹಿಂದಿನ ಬೆಂಚಿನಿಂದ ಅನುಜಾ. ನಗಲಿಲ್ಲ ಅವಳು.

ಮಾಸ್ತರರ ಕೈಯಲ್ಲಿದ್ದ ಸೀಮೆಸುಣ್ಣದ ಖಡು ಅಲ್ಲೇ ನಿಂತಿತು. ನಾನು ಒಂದು ತಾಸಿಗೇ ಮಗ್ಗಿ ಮರೆತೆ. ಯಾರು ನೋಡುತ್ತಾರೋ ಎಂದು ಮೈಯೆಲ್ಲಾ ಹಿಡಿಯಾಗುವ ವಯಸ್ಸಿನಲ್ಲಿ ಈ ಹುಡುಗಿ ತಿಂಗಳಿಂದ ಇದರೊಳಗೇ ಕೂತು, ಬಾಯಿ ಬಿಡದೆ, ಎಲ್ಲಾ ಲೆಕ್ಕ ಮನಸ್ಸಿನಲ್ಲೇ ಮಾಡಿದ್ದಾಳೆ. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

"ಭೇಷ್ ಮಗಳ," ಎಂದರು. "ಮತ್ತ ಏನ ಹಾಕ್ಕೊಂಡ್ರ ಚಲೋ ಆಗ್ತದ, ಹೇಳು."

"ಸಡ್ಲ ಕುರ್ತಾ, ಪೈಜಾಮಾ. ಹತ್ತೀದು. ಕಿಸೆ ಇರಬೇಕ್ರಿ ಸರ್."

ಸಂಜೆಯ ಸಭೆಯಲ್ಲಿ ಮಾಸ್ತರರು ಅದೇ ವೇಷದಲ್ಲಿ ಎದ್ದು ನಿಂತರು. ಮಕ್ಕಳಿಗೆ ಉಸಿರಾಡಲು, ಓಡಲು, ಕೈ ಎತ್ತಲು ಬಿಡುವ ಬಟ್ಟೆ ಬೇಕು, ಮೈಯ ಚಿಂತೆ ತಪ್ಪಿದರೇ ತಲೆ ಓಡುವುದು ಎಂದು ಹೇಳಿದರು. ಮಾತಿನಿಂದ ಆಗದ್ದನ್ನು ಕೈ ಎತ್ತಿ ತೋರಿಸಿದರು. ತಾಯಂದಿರು ಚಪ್ಪಾಳೆ ತಟ್ಟಿದರು. ಕುರ್ತಾ ಪೈಜಾಮಾ ಪಾಸಾಯಿತು.

ಚಾಕಣದಲ್ಲಿ ಹೋಟೆಲು ನಡೆಸುವ ಶೆಟ್ಟರು ಮಾಸ್ತರರನ್ನು ತಬ್ಬಿಕೊಂಡರು. "ನನ್ನ ಕಣ್ಣು ತೆರೆಸಿದ್ರಿ ಮಾರಾಯ್ರೆ. ಆದ್ರೆ ಆ ಬಟ್ಟೆ ವಾಪಸ್ ಹೋಗುದಿಲ್ಲ. ಹೋಟ್ಲಿನ ಹುಡುಗ್ರಿಗೆ ಕೊಡುವಾ ಅಂದ್ರೆ, ಅವರಿಗೆ ಬಗ್ಗಿ ಟೇಬಲ್ ಒರೆಸ್ಲಿಕ್ಕುಂಟು."

"ಹೌದ್ರಿ, ಅವರಿಗೆ ಭಾಳ ತ್ರಾಸ ಆಗ್ತದ," ಎಂದರು ಮಾಸ್ತರರು, ಕರುಣೆಯಿಂದ.

"ಅದಕ್ಕೇ ಟೀಚರ್‌ಗಳಿಗೆ ಅಂತ ಮಾಡಿದೆ. ಒಬ್ಬೊಬ್ಬರಿಗೆ ಆರಾರು ಜೊತೆ ಆಗ್ತದೆ. ಶಿಸ್ತು ತಾನಾಗೇ ಬರ್ತದೆ ಅಂತ ನೀವೇ ಹೇಳಿದ್ದಲ್ವಾ? ನಿಮಗಂತೂ ಎಷ್ಟು ಚಂದ ಕಾಣ್ತದೆ."

ತಾಯಂದಿರು ಮತ್ತೆ ಚಪ್ಪಾಳೆ ತಟ್ಟಿದರು.

ಹೊಸ ಕುರ್ತಾ ಬಂದ ಸೋಮವಾರ ಮಾಸ್ತರರು ಟೈ ಸಡಿಲಿಸುತ್ತ ಪ್ರಶ್ನೆ ಕೇಳಿದರು. ಮುಗಿಸುವ ಮೊದಲೇ ಅನುಜಾ ಬೋರ್ಡಿನ ಹತ್ತಿರ ನಿಂತಿದ್ದಳು. ಎರಡೂ ಕೈ ಕಿಸೆಯಲ್ಲಿ, ಮುಖ ತುಂಬ ನಗು. ಮಾಸ್ತರರು ಉತ್ಸಾಹದಿಂದ ಖಡು ಹಿಡಿದು ಕೈ ಎತ್ತಿದರು. ವೇಸ್ಟ್‌ಕೋಟೂ ಅವರ ಜೊತೆಗೇ ಎದ್ದಿತು.

"ಕೊಡ್ರಿ ಸರ್, ನಾ ಬರೀತೀನಿ," ಎಂದಳು ಅನುಜಾ. "ನೀವು ಹಿಂದಿನ ಬೆಂಚಿನ್ಯಾಗ ಕೂಡ್ರಿ."