ಪರಮೇಶ್ವರಪ್ಪನವರ ಮನೆಯಲ್ಲಿ ಹೆಣ್ಣು ತೋರಿಸಿದ್ದು

ಹೊಸ ಬಡಾವಣೆ ಮಾಡುವವರು ಕಡಿಮೆ ಸಂಬಳದವರಿಗೂ ಒಂದಿಷ್ಟು ಮನೆ ಕಟ್ಟಿಕೊಡಬೇಕು ಅಂತ ಸರ್ಕಾರ ಹೇಳಿತು ನೋಡಿ, ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಮದಕರಿಪುರದ ಕಡೆ ಎದ್ದ ನಮ್ಮ ಬಡಾವಣೆಯ ಧಣಿಯೂ ಕಟ್ಟಿಕೊಟ್ಟ, ಇಲ್ಲ ಅನ್ನಬಾರದು. ಮುಂದೆ ಮಹಡಿ ಮನೆಗಳು, ಪಾರ್ಕು, ಕಮಾನು. ಹಿಂದೆ ಚರಂಡಿಯ ಪಕ್ಕ ನಮ್ಮ ಸಾಲುಮನೆಗಳು. ನಡುವೆ ಆಳೆತ್ತರದ ಗೋಡೆ (ಬೆಳಿಗ್ಗೆ ಎದ್ದು ನಮ್ಮ ಮುಖ ನೋಡಿದರೆ ಮಹಡಿಯವರಿಗೆ ಅಪಶಕುನವಾಗಬಾರದಲ್ಲ). ಓಡಾಡಲು ನಮಗೆ ಬೇರೆ ಗೇಟು. ಒಂದು ಕೋಣೆ, ಒಂದು ಅಡುಗೆಮೂಲೆ: ಖಾಸಗಿ ಶಾಲೆಯ ಗುಮಾಸ್ತ ಮೋಹನ್‌ಕುಮಾರನ ಅರಮನೆ ಇದು.

ಹೀಗಿರುವಾಗ ಮಗಳು ರಮ್ಯಾಳಿಗೆ ಚಿಕ್ಕಜಾಜೂರಿನಿಂದ ಸಂಬಂಧ ಬಂತು. ಹುಡುಗ ಚೇತನ್‌ಕುಮಾರ್ ಹೊಳಲ್ಕೆರೆಯ ಮದುವೆಯೊಂದರಲ್ಲಿ ಇವಳನ್ನು ನೋಡಿ ಮೆಚ್ಚಿದ್ದ. ಇವಳೂ ಮೆಚ್ಚಿದ್ದಳು. ಇನ್ನು ಹಿರಿಯರು ಬಂದು ಮನೆ, ಮನೆತನ ನೋಡುವುದಷ್ಟೇ ಬಾಕಿ. ಈ ಗೂಡು ತೋರಿಸಿದರೆ ಬಂದವರು ಮಂಡಕ್ಕಿಯನ್ನೂ ಮುಟ್ಟದೆ ಎದ್ದು ಹೋಗುತ್ತಾರೆ ಅಂತ ನನಗೆ ಹೆದರಿಕೆ.

ಆಗ ನನಗೆ ಜ್ಞಾನೋದಯವಾಯಿತು. ಮುಂದಿನ ಸಾಲಿನ ಪರಮೇಶ್ವರಪ್ಪನವರು ಹೊಸದುರ್ಗಕ್ಕೆ ಹೋಗುವಾಗ, ಗಿಡಕ್ಕೆ ನೀರು ಹಾಕಲಿ ಅಂತ ಬೀಗದ ಕೈ ನನಗೆ ಕೊಟ್ಟಿದ್ದರು. ಆ ಮನೆಯನ್ನೇ ನಮ್ಮದು ಅಂತ ತೋರಿಸೋಣ ಅಂದಿದ್ದಕ್ಕೆ ನನ್ನವಳು ಉಷಾರಾಣಿ ಉರಿದುಬಿದ್ದಳು.

"ಇರೋ ಮನೆ ತೋರ್ಸಕ್ಕೆ ನಾಚಿಕೆ ಆಗ್ತೈತೆ, ಇಲ್ಲದ ಮನೆ ತೋರ್ಸಕ್ಕೆ ಆಗಲ್ವಾ ನಿಮಗೆ?"

"ಒಂದು ಗಳಿಗೆ ಕಣೇ. ಮದುವೆ ಆದ್ಮೇಲೆ ಯಾರು ಕೇಳ್ತಾರೆ?"

ಬಂದರು, ಹುಡುಗನ ಅಪ್ಪ ದೊಡ್ಡತಿಮ್ಮಪ್ಪ, ಅಮ್ಮ ದುರುಗಕ್ಕ. ನಾನು ಪರಮೇಶ್ವರಪ್ಪನವರ ಸೋಫಾದಲ್ಲಿ ಪಾಳೆಯಗಾರನಂತೆ ವಿರಾಜಮಾನನಾಗಿದ್ದೆ. ದುರುಗಕ್ಕ ಬಚ್ಚಲು ಎಲ್ಲಿ ಅಂದರು. ಠೀವಿಯಿಂದ ಬಾಗಿಲು ತೆರೆದೆ, ದೇವರ ಕೋಣೆ. ಸಕ್ಕರೆ ಡಬ್ಬಿ ಸಿಗದೆ ಉಷಾರಾಣಿ ಕಾಫಿಯನ್ನು ಸಪ್ಪೆಯಾಗಿಯೇ ತಂದಳು. ಮನೆ ದೊಡ್ಡದು ನೋಡಿ, ಅರ್ಧ ಕೋಣೆ ನಾವು ಬಳಸುವುದೇ ಇಲ್ಲ ಅಂತ ಒಂದು ಬುರುಡೆ ಬಿಟ್ಟೆ. ದೊಡ್ಡತಿಮ್ಮಪ್ಪನವರು ಸೋಫಾದ ತುದಿಯಲ್ಲೇ ಕೂತಿದ್ದು, ಹೋಗುವಾಗ ಎರಡೆರಡು ಸಲ ಕೈಮುಗಿದರು. ಗೆದ್ದೆ ಅಂದುಕೊಂಡೆ.

ಎಷ್ಟು ದಿನವಾದರೂ ಸುದ್ದಿಯಿಲ್ಲ. ಕೊನೆಗೆ ನಮ್ಮ ಸಾಲಿನ ಕಾಟಯ್ಯ, ನಮ್ಮ ಜನವೇ, ಪೇಡೆ ಹಿಡಿದು ಬಂದ. ಅವನ ಮಗಳಿಗೆ ಗಂಡು ಗೊತ್ತಾಯಿತಂತೆ, ಎಲೆಅಡಿಕೆ ಶಾಸ್ತ್ರವೂ ಮುಗಿಯಿತಂತೆ. ಗಂಡು ಚೇತನ್‌ಕುಮಾರ್.

"ಅವತ್ತು ನಿಮ್ಮನ್ನ ನೋಡ್ಕಂಡು ಬಸ್ಸಿಗೆ ಅಂತ ಹಿಂದ್ಲ ಗೇಟಿಗೆ ಬಂದ್ರು. ನೀರು ಕೇಳಿದ್ರು, ಒಳಕ್ಕೆ ಕರೆದ್ವಿ. ನಮ್ಮನೆ ನೋಡಿ ಆಯಮ್ಮ ನಿರಾಳ ಆಗಿ ಕುಂತ್ಕಂಡ್ರು. 'ನಮ್ಮದೂ ಇಷ್ಟೇ ಐತೆ. ಆ ಹುಡುಗಿ ಬಂಗಾರ, ಆದ್ರೆ ಅಂಥ ಬಂಗ್ಲೇಲಿ ಬೆಳೆದೋಳು ನಮ್ಮಲ್ಲಿ ಹೆಂಗೆ ಬಾಳ್ತಾಳೆ' ಅಂದ್ರು. ಆಮೇಲೆ ನಮ್ಮ ಹುಡುಗೀನೇ ಕೇಳಿ ಕಳಿಸಿದ್ರು. ಹುಡುಗ ಮುಖ ಸಣ್ಣ ಮಾಡ್ಕಂಡನಂತೆ, ಅಪ್ಪ ಅಮ್ಮನ ಮಾತು ಮೀರಲಿಲ್ಲ."

"ನಾವೂ ಇದೇ ಸಾಲಿನೋರು ಅಂತ ಅವರಿಗೆ ಹೇಳಬಾರದಿತ್ತೇನಪ್ಪ?" ಅಂದೆ.

"ನಿಮ್ಮ ಮರ್ಯಾದೆ ಹೋಗಬಾರ್ದಲ್ಲ ಅಂತ ಬಾಯಿ ಬಿಡಲಿಲ್ಲ ಕಣ್ರಿ."

ಪುಣ್ಯಾತ್ಮ. ಬೈಯಲು ಬಾಯಿ ತೆರೆದವನು, ಒಲೆಯ ಕಡೆ ತಿರುಗಿ ನಿಂತ ರಮ್ಯಾಳ ಬೆನ್ನು ನೋಡಿ ಅದೇ ಬಾಯಿಗೆ ಪೇಡೆ ಹಾಕಿಕೊಂಡೆ.

ಕಾಟಯ್ಯ ಅಷ್ಟಕ್ಕೇ ಬಿಡಲಿಲ್ಲ. ನಿಶ್ಚಿತಾರ್ಥಕ್ಕೆ ಬೀಗರು ಬಹಳ ಜನ ಬರುತ್ತಾರೆ, ಅವನ ಮನೆ ಸಾಲದು, ಒಂದು ದಿನಕ್ಕೆ ನಮ್ಮ ಮನೆ ಬಿಟ್ಟುಕೊಡಬೇಕಂತೆ. ನಾವು ಅವರ ಕಣ್ಣಿಗೆ ಬಿದ್ದರೆ ನನ್ನ ಬಂಗಲೆಯ ಬಣ್ಣ ಬಯಲಾಗುತ್ತದಲ್ಲ, ಅದಕ್ಕೆ ಅವತ್ತು ಎಲ್ಲಾದರೂ ಹೋಗಿರಬೇಕಂತೆ. ನಾನು ತಡವರಿಸುತ್ತಿದ್ದಾಗಲೇ ರಮ್ಯಾ ತಿರುಗದೆಯೇ ಹೇಳಿದಳು.

"ತಗಳ್ರಿ ಮಾವ. ಚಾಪೆ, ದಿಂಬೂ ಅವೆ."

ಇವತ್ತೇ ನಿಶ್ಚಿತಾರ್ಥ. ತಾಯಿ ಮಗಳು ಹರಿಯಬ್ಬೆ ಊರಿನಲ್ಲಿರುವ ತವರಿಗೆ ಅಂತ ಬಸ್ಸು ಹತ್ತಿದರು. ನಾನೂ ಹತ್ತಲು ಹೋದೆ. "ನೀವೆಲ್ಲಿಗೆ?" ಅಂದಳು ಉಷಾರಾಣಿ. ಕಾಲು ಕೆಳಗಿಟ್ಟೆ. ಈಗ ದುರ್ಗದ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಿದ್ದೇನೆ. ಇಷ್ಟು ಹೊತ್ತಿಗೆ ದೊಡ್ಡತಿಮ್ಮಪ್ಪನವರು ನನ್ನ ಮನೆಯಲ್ಲಿ ಕಾಲು ಚಾಚಿ ಕೂತು, ಇದು ಯಾರ ಮನೆಯಪ್ಪ, ಎಷ್ಟು ಹಿತವಾಗಿದೆ ಅಂತ ಕೇಳುತ್ತಿರಬೇಕು.