ಮುಯ್ಯಿ ತೀರಿಸಲು ಬಂದ ಭೀಮಣ್ಣ

ಬಾಯಿಬಿಟ್ಟು ಸಹಾಯ ಕೇಳುವುದು ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ಅರ್ಧ ಅಳಿಸಿದ್ದರೆ, ಪಕ್ಕದವರನ್ನು ಕೇಳುವ ಬದಲು ಹತ್ತಿ ಕುಳಿತು, ಈ ಬಸ್ಸು ಎಲ್ಲಿಗೆ ಹೋಗುತ್ತದೋ ಅಲ್ಲಿಯೇ ನನಗೂ ಕೆಲಸವಿದೆ ಎಂಬಂತೆ ಮುಖ ಮಾಡುವವಳು ನಾನು. ಹೀಗೆ ಒಮ್ಮೆ ಬಸವಕಲ್ಯಾಣಕ್ಕೆ ಹೊರಟವಳು ಬೇಮಳಖೇಡ ನೋಡಿಕೊಂಡು ಬಂದೆ. ಊರು ಚೆನ್ನಾಗಿದೆ. ಇಂಥ ನಾನು ಗುರುತು ಪರಿಚಯವಿಲ್ಲದವರ ಮುಂದೆ ನಿಂತು, ‘ನನ್ನನ್ನೂ ನಿಮ್ಮ ಜೊತೆ ಸೇರಿಸಿಕೊಳ್ಳಿ’ ಎಂದು ತಿಂಗಳುಗಟ್ಟಲೆ ಬೇಡಿದ್ದೇನೆ ಎಂದರೆ ಮನೆಯವರು ನಂಬುವುದಿಲ್ಲ. ಅದೂ ಅಂತರಿಕ್ಷದಲ್ಲಿ.

ಇದು ಎರಡು ಸಾವಿರದ ಐದಾರನೆಯ ಇಸವಿಯ ಸುಮಾರಿನ ಮಾತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದು, ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಪಾಠ ಹೇಳಿ, ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದುಬಿಡುತ್ತಿದ್ದೆ. ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅಪ್ಪ ಅದನ್ನು ತಂದದ್ದು ಕಾಳುಕಡಿ ವ್ಯಾಪಾರದ ತಮ್ಮ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯಲೆಂದು. ಆದರೆ ಅಂಗಡಿಯ ಹಳೆಯ ಮುನೀಮರಾದ ಭೀಮಣ್ಣನವರು ಅದನ್ನು ಒಂದು ದಿನ ದೂರದಿಂದ ನೋಡಿ, “ಕರೆಂಟ್ ಹೋದ್ರ ಇದಕ್ಕ ಏನೂ ನೆನಪಿರಂಗಿಲ್ಲರೀ ಸಾವಕಾರ್ರ. ನನಗ ಒಂದು ಕಂದೀಲ ಇಟ್ರ ಸಾಕು,” ಎಂದು ತೀರ್ಪು ಕೊಟ್ಟರು. ಕಂಪ್ಯೂಟರ್ ಮನೆಗೆ ಬಂತು. ಗುಲಬರ್ಗಾದಲ್ಲಿ ನನ್ನ ಜೊತೆ ಓದಿದ ಗೆಳತಿ ಕೊಟ್ಟ ಸಿ.ಡಿ.ಯೊಂದರಲ್ಲಿ ಅಂತರಿಕ್ಷದ ಒಂದು ಆಟವಿತ್ತು, ಇಂಟರ್ನೆಟ್ಟಿನಲ್ಲಿ ಲೋಕದ ಜನರೆಲ್ಲ ಕೂಡಿ ಆಡುವಂಥದ್ದು. ಆಡುವವರು ತಮ್ಮ ಪೈಲಟ್‌ಗೆ ಹೆಸರಿಡಬೇಕು. ನನ್ನ ಹೆಸರನ್ನು ಜಗತ್ತಿಗೆಲ್ಲ ಹೇಳುವ ಇಷ್ಟ ನನಗಿರಲಿಲ್ಲ. ಆ ಹೊತ್ತಿಗೆ ನೆನಪಾದ ಒಂದೇ ಗಂಭೀರ, ಗೌರವಸ್ಥ ಹೆಸರು ‘ಭೀಮಣ್ಣ’. ಹೀಗೆ ಕಂಪ್ಯೂಟರ್ ಬೇಡವೆಂದ ಮುನೀಮರು, ತಮಗೇ ತಿಳಿಯದಂತೆ, ನಕ್ಷತ್ರಗಳ ನಡುವೆ ಹಡಗು ನಡೆಸತೊಡಗಿದರು.

ಆಟದ ಸ್ವರೂಪ ಸರಳ. ಆಕಾಶದಲ್ಲಿ ತೇಲುವ ಬಂಡೆಗಳಿಂದ ಅದಿರು ತೆಗೆಯಬೇಕು, ಕರಗಿಸಬೇಕು, ಅದರಿಂದ ಯಂತ್ರ ಮಾಡಬೇಕು, ಯಂತ್ರಗಳಿಂದ ಹಡಗು ಕಟ್ಟಬೇಕು. ನನಗೆ ಇದು ಪ್ರಯೋಗಾಲಯದಷ್ಟೇ ಪ್ರಿಯವಾಯಿತು. ತೊಂದರೆ ಇದ್ದದ್ದು ಒಂದೇ. ಅಲ್ಲಿ ಯಾರು ಯಾರನ್ನು ಬೇಕಾದರೂ, ಎಲ್ಲಿ ಬೇಕಾದರೂ, ಯಾವ ಕಾರಣವೂ ಇಲ್ಲದೆ ಹೊಡೆಯಬಹುದು. ನಾನು ಶ್ರದ್ಧೆಯಿಂದ ಅದಿರು ತುಂಬಿಕೊಂಡು ಹೊರಡುವುದು, ಯಾವನೋ ಬಂದು ಗುಂಡು ಹಾರಿಸುವುದು, ಭೀಮಣ್ಣ ಸಾಯುವುದು. ಮರುದಿನ ಅಂಗಡಿಯ ಮುಂದೆ ಹಾಯುವಾಗ ನಿಜವಾದ ಭೀಮಣ್ಣನವರು, “ಆರಾಮ ಇದ್ದೀರೇನ್ರಿ ಬಾಯಿ?” ಎಂದು ಕೇಳಿದರೆ ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಅವ್ವನ ಅಭಿಪ್ರಾಯ ಬೇರೆಯೇ ಇತ್ತು. “ಕಲ್ಲ ಒಡಿಯಾಕ ಎಂ.ಎಸ್ಸಿ. ಯಾಕ ಬೇಕಾಗಿತ್ತು? ಮೊದಲ ಹೇಳಿದ್ರ ಫೀಸರೆ ಉಳೀತಿತ್ತು,” ಎನ್ನುತ್ತಿದ್ದಳು. ಇಂಟರ್ನೆಟ್ ಬರುತ್ತಿದ್ದದ್ದು ಪಡಸಾಲೆಯ ಫೋನಿನ ತಂತಿಯಿಂದ. ಅವ್ವ ಬಸವಕಲ್ಯಾಣದಲ್ಲಿರುವ ತನ್ನ ತಂಗಿಯ ಜೊತೆ ಮಾತಾಡಲು ಫೋನ್ ಎತ್ತಿದರೆ ಸಾಕು, ಸಂಪರ್ಕ ಕಡಿದು, ನನ್ನ ಹಡಗು ಇದ್ದಲ್ಲಿಂದ ಮಾಯವಾಗಿ, ಮತ್ತೆ ಒಳಹೊಕ್ಕಾಗ ಮೊದಲಿನ ನಿಲ್ದಾಣದಲ್ಲಿ ಬರಿಗೈಯಲ್ಲಿ ನಿಂತಿರುತ್ತಿತ್ತು. ಅವ್ವ ಮಾತ್ರ ಫೋನನ್ನು ಕಿವಿಯಿಂದ ದೂರ ಹಿಡಿದು, “ಇದರಾಗ ಯಾರೋ ಹಲ್ಲ ಕಡಿಯಾಕತ್ತಾರ ನೋಡು,” ಎಂದು ನನಗೇ ತೋರಿಸುತ್ತಿದ್ದಳು.

ಒಂಟಿಯಾಗಿ ಬದುಕುವುದು ಸಾಧ್ಯವಿಲ್ಲವೆಂದು ತಿಳಿದ ಮೇಲೆ, ಕೂಡಿ ಗಣಿ ಅಗೆಯುವ ಗುಂಪುಗಳನ್ನು ಹುಡುಕತೊಡಗಿದೆ. ನನಗೆ ಆಗ ಒಂದೇ ಆಸೆ ಇತ್ತು: ಒಂದು ದೊಡ್ಡ ಗಣಿಹಡಗು ಕಟ್ಟಬೇಕು. ಒಬ್ಬಳೇ ಕಟ್ಟಲು ಹೊರಟರೆ ನನ್ನ ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಮುಗಿಯುತ್ತಿತ್ತು. ನಾಲ್ಕು ಜನ ಕೂಡಿದರೆ ಕೆಲವು ವಾರಗಳ ಕೆಲಸ. ಆದರೆ ಈ ಗುಂಪುಗಳು ಕೇಳುವ ಪ್ರಶ್ನೆಗಳು ವಿಚಿತ್ರ. ವಯಸ್ಸೆಷ್ಟು, ಏನೇನು ಕೆಲಸ ಬರುತ್ತದೆ, ದಿನಕ್ಕೆ ಎಷ್ಟು ಹೊತ್ತು ಬಿಡುವು, ಹಿಂದೆ ಎಲ್ಲಿಯಾದರೂ ಮಾತುಕತೆಯಾಗಿತ್ತೆ, ಆಗಿದ್ದರೆ ಮುರಿದದ್ದು ಯಾಕೆ, ಒಮ್ಮೆ ದನಿ ಕೇಳಿಸಿ. ಅದೇ ವರ್ಷ ಮನೆಯಲ್ಲಿ ನನಗೆ ವರ ನೋಡುತ್ತಿದ್ದರು. ಬಂದವರೂ ಇವನ್ನೇ ಕೇಳುತ್ತಿದ್ದರು. ಎರಡೂ ಕಡೆ ನಾನು ಒಂದೇ ರೀತಿ ತಲೆ ತಗ್ಗಿಸಿ ಕುಳಿತು, ಎರಡೂ ಕಡೆ ‘ಹುಡುಗಿ ಮಾತಾಡುವುದಿಲ್ಲ’ ಎನಿಸಿಕೊಂಡೆ. ಒಂದು ಗುಂಪು ಏನೂ ಕೇಳದೆ ಪ್ರೀತಿಯಿಂದ ಸೇರಿಸಿಕೊಂಡಿತು. ನನ್ನ ಹಡಗು ತುಂಬುವವರೆಗೂ ಪ್ರೀತಿ ಇತ್ತು.

ಆ ದಿನಗಳಲ್ಲಿ ಕೊಹಿನೂರಿನಿಂದ ನನ್ನ ಸೋದರತ್ತೆ ಹಲ್ಲು ಕಟ್ಟಿಸಿಕೊಳ್ಳಲೆಂದು ಬಂದು ನಮ್ಮಲ್ಲಿ ಉಳಿದಿದ್ದಳು. ವಜ್ರದ ಹೆಸರಿನ ಆ ಊರಿನಲ್ಲಿ ಅತ್ತೆ ಬೆಳೆಯುವುದು ತೊಗರಿ. ನನ್ನ ಮುಖ ನೋಡಿ ಏನೋ ಕಷ್ಟವಿದೆಯೆಂದು ಅರಿತು, “ಏನಾಗ್ಯದ ಯವ್ವಾ?” ಎಂದು ಕೇಳಿದಳು. ಅಂತರಿಕ್ಷವನ್ನು ಬಿಟ್ಟು ಉಳಿದದ್ದನ್ನು ಹೇಳಿದೆ. ಹೊಲ ದೊಡ್ಡದಿದೆ, ಆಳಿಲ್ಲ, ಕಳ್ಳರ ಕಾಟವಿದೆ, ಮಂದಿ ಸೇರಿಸಿಕೊಳ್ಳುವುದಿಲ್ಲ.

“ಇದಕ್ಕ ಯಾಕ ಇಷ್ಟು ಫಿಕರ್ ಮಾಡ್ತಿ? ಮುಯ್ಯಿ ಮಾಡ್ಕೊ,” ಎಂದಳು ಅತ್ತೆ. “ಇವತ್ತ ನಾ ನಿನ್ನ ಹೊಲಕ್ಕ, ನಾಳಿ ನೀ ನನ್ನ ಹೊಲಕ್ಕ. ರೊಕ್ಕದ ಮಾತಿಲ್ಲ. ಆದ್ರ ಕೇಳ್ಕೊಂತ ಹೋದ್ರ ಯಾರೂ ಬರಂಗಿಲ್ಲ. ಮೊದಲ ನೀ ಹೋಗು. ಸುಮ್ಮ ಕುಡಗೋಲ ತಗೊಂಡು ಸಾಲ ಹಿಡಿ. ತಾವ ಬರ್ತಾರ.”

ಕೇಳದೆಯೇ ಸಹಾಯ ಪಡೆಯುವ ವಿಧಾನ! ನನ್ನಂಥವಳಿಗೆಂದೇ ಹಿರಿಯರು ಮಾಡಿಟ್ಟ ಹಾಗಿತ್ತು. ಮರುದಿನವೇ ದೂರದ ಒಂದು ಮೂಲೆಯಲ್ಲಿ ಬಂಡೆ ಅಗೆಯುತ್ತಿದ್ದ ಸಣ್ಣ ಗುಂಪಿನ ಬಳಿ ಹೋಗಿ, ಒಂದು ಮಾತೂ ಆಡದೆ ಅದಿರು ತೆಗೆದು ಅವರ ಪೆಟ್ಟಿಗೆಯಲ್ಲೇ ಸುರಿದು ಬಂದೆ. ಮೊದಲು ಅವರು ಹೆದರಿ ಓಡಿದರು. ಆಮೇಲೆ ದೂರ ನಿಂತು ನೋಡಿದರು. ಕೊನೆಗೆ ಗುಂಪಿನ ಮುಖ್ಯಸ್ಥ, ‘ಕಾಡುಪಾಪ’ ಎಂಬ ಹೆಸರಿನವನು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದ: “ಭೀಮಣ್ಣ ಅಂದ್ರೆ ನಮ್ಮೋರೇನಾ? ಯಾವ್ ಕಡೆ?”

“ಬೀದರ ಕಡೆ,” ಎಂದೆ.

“ಅಬ್ಬಾ, ತುಂಬಾ ದೂರ,” ಎಂದ. ಅವನು ಮೈಸೂರಿನವನಂತೆ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಆಗಷ್ಟೇ ಹಾರಿ ಬಂದಿದ್ದ ಮನುಷ್ಯ ಹೇಳಿದ ಮಾತು ಇದು.

ಗುಂಪಿನ ಉಳಿದವರು ಬೇರೆ ಬೇರೆ ದೇಶದವರು; ನನ್ನ ಮಾತನ್ನು ಅವರಿಗೆ ಕಾಡುಪಾಪನೇ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದ. ಒಬ್ಬ ಎಂಜಿನ್ ಮಾಡುವುದರಲ್ಲಿ ನಿಪುಣ, ಇನ್ನೊಬ್ಬ ಕವಚದಲ್ಲಿ. ಯಾರೂ ನನ್ನ ದನಿ ಕೇಳಲಿಲ್ಲ. ಒಮ್ಮೆ ಕಾಡುಪಾಪ ಮಾತ್ರ, “ಮದುವೆ ಆಗಿದ್ಯಾ ಭೀಮಣ್ಣೋರೆ?” ಎಂದ. ಮುನೀಮರನ್ನು ನೆನೆದು, “ಮೊಮ್ಮಕ್ಕಳಿದ್ದಾರೆ,” ಎಂದು ಕರಾರುವಾಕ್ಕಾಗಿ ಉತ್ತರಿಸಿದೆ. ಅಂದಿನಿಂದ ನನಗೆ ಆ ಗುಂಪಿನಲ್ಲಿ ಬಹಳ ಮರ್ಯಾದೆ. ಅತ್ತೆ ಹೇಳಿದಂತೆಯೇ ಅವರು ತಾವಾಗಿ ನನ್ನ ಕಡೆ ಬಂದರು. ದಿನವೂ ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಫೋನಿನ ಪಕ್ಕ ಕುಳಿತು ಯಾರೂ ಎತ್ತದಂತೆ ಕಾಯುವಳು. ಒಳಗೆ ನನ್ನ ದೊಡ್ಡ ಹಡಗಿಗೆ ಒಂದೊಂದೇ ಭಾಗ ಕೂಡುವುದು. ಹಡಗು ಮುಗಿದ ದಿನ ಎಲ್ಲರೂ ಅದರ ಸುತ್ತ ನೆರೆದರು. ಆ ಗಡಿಬಿಡಿಯಲ್ಲಿ ಅವರಲ್ಲೊಬ್ಬ ತನ್ನ ಹಡಗನ್ನು ಹಿಂದಕ್ಕೆ ತೆಗೆಯುವಾಗ ನನ್ನ ಹೊಸ ಹಡಗಿಗೆ ಢಿಕ್ಕಿ ಹೊಡೆದ. ನಾನು ಗಮನಿಸಲೂ ಇಲ್ಲ. ಕೃತಜ್ಞತೆ ಹೇಳಿ ಅಭ್ಯಾಸವಿಲ್ಲದ ನಾನು, ಹೃದಯ ತುಂಬಿ ಇಷ್ಟು ಬರೆದು ಹೊರಬಿದ್ದೆ: “ನಿಮ್ಮ ಮುಯ್ಯಿ ನಾ ಇಟ್ಕೊಳ್ಳಂಗಿಲ್ಲ. ನಾಳಿ ಬಂದು ತೀರಸ್ತೀನಿ. ಎಲ್ಲಾರೂ ಇರ್ರಿ.”

ಮರುದಿನ ಹೊಸ ಹಡಗಿನಲ್ಲಿ ಹಬ್ಬಕ್ಕೆ ಹೋಗುವವಳಂತೆ ಹೋದೆ. ಬಂಡೆಗಳ ನಡುವೆ ಅವರೆಲ್ಲ ಸಾಲಾಗಿ ನಿಂತಿದ್ದರು. ಗಣಿ ಅಗೆಯುವ ಹಡಗು ಒಂದೂ ಇರಲಿಲ್ಲ. ಎಲ್ಲವೂ ತೋಪಿನವು. ನನ್ನನ್ನು ಕಾಯಲು ಬಂದಿದ್ದಾರೆ, ಎಂಥ ಒಳ್ಳೆಯ ಜನ, ಅಂದುಕೊಂಡೆ. ಮೊದಲನೆಯ ಗುಂಡು ನನ್ನ ಬಲಗಡೆ ಸಿಡಿಯಿತು. ಕಾಡುಪಾಪ ಬರೆದ: “ಹತ್ತಿರ ಬರ್ಬೇಡಿ ಭೀಮಣ್ಣೋರೆ. ಯಾತಕ್ಕೆ ಬಂದ್ರಿ?”

ಗಾಬರಿಯಲ್ಲಿ ನನಗೆ ನೆನಪಾದದ್ದು ಅತ್ತೆಯ ಭಾಷೆಯೇ. “ನಾ ಕೊಯ್ಯಾಕ ಬಂದೀನಿ,” ಎಂದು ಒತ್ತಿದೆ. “ನೀವು ಸಾಲ ಹಿಡೀರಿ.”

ಆಮೇಲೆ ಎಲ್ಲ ತೋಪುಗಳೂ ಒಟ್ಟಿಗೆ ಮಾತಾಡಿದವು.

ಈಗ ಉಳಿದ ದಾರಿ ಒಂದೇ, ಫೋನಿನ ಸಂಪರ್ಕ ಕಡಿದು ಹಡಗನ್ನು ಮಾಯಮಾಡಬೇಕು. ಜೀವಮಾನದಲ್ಲಿ ಕೂಗದ ನಾನು ಕೂಗಿದೆ: “ಅತ್ತೀ, ಫೋನ್ ಎತ್ತು!”

“ಎತ್ತಂಗಿಲ್ಲ,” ಎಂದಳು ಪಡಸಾಲೆಯಿಂದ ಅತ್ತೆ.

“ಅತ್ತೀ, ಜಲ್ದಿ ಎತ್ತು, ನಾನೇ ಹೇಳಾಕತ್ತೀನಿ.”

“ನೀ ಯಾಕ, ನಿಮ್ಮಪ್ಪ ಬಂದು ಹೇಳಿದ್ರೂ ಎತ್ತಂಗಿಲ್ಲ. ಭರೋಸಾ ಇಟ್ಟು ಕುಂದರ್ಸೀದಿ. ನನ್ನ ಪರೀಕ್ಷಾ ಮಾಡ್ತಿ ಏನ?”

ಇಷ್ಟು ಮುಗಿಯುವುದರೊಳಗೆ ನನ್ನ ಹಡಗೂ ಮುಗಿದಿತ್ತು. ಪಾರಾಗಲು ಇರುವ ಒಂದು ಸಣ್ಣ ಡಬ್ಬಿಯಲ್ಲಿ ಭೀಮಣ್ಣ ತೇಲುತ್ತಿದ್ದ. ಅತ್ತೆ ಎದ್ದು ಬಂದು ಪರದೆಯ ಬೆಂಕಿ ನೋಡಿ, “ಬಣವಿಗೆ ಬೆಂಕಿ ಬಿದ್ದಂಗ ಕಾಣ್ತದ. ಏನಂದಿ ಅವರಿಗೆ?” ಎಂದಳು.

“ಮುಯ್ಯಿ ತೀರಸ್ತೀನಿ ಅಂದೆ.”

ಅತ್ತೆ ಹೊಸ ಹಲ್ಲುಗಳನ್ನು ಕೈಯಲ್ಲಿ ಒತ್ತಿ ಹಿಡಿದು ನಕ್ಕಳು. “ಯಾವ ಮುಯ್ಯಿ ಅಂತ ಹೇಳಬೇಕಿಲ್ಲೇನ ಹುಚ್ಚಿ? ಕೆಲಸ ಮಾಡಿದವಗೂ ಮುಯ್ಯಿ ತೀರಸ್ತಾರ, ಕಾಲ ಮುರಿದವಗೂ ಮುಯ್ಯಿ ತೀರಸ್ತಾರ.”

ಆಗ ನಾನು ಪಠ್ಯಪುಸ್ತಕದ ಕನ್ನಡದಲ್ಲಿ, ವಿರಾಮಚಿಹ್ನೆಗಳ ಸಮೇತ, ಬರೆದೆ: “ನೀವು ನನಗಾಗಿ ದುಡಿದಿರಿ. ಅದಕ್ಕೆ ಪ್ರತಿಯಾಗಿ ಇಂದು ನಿಮಗಾಗಿ ದುಡಿಯಲು ಬಂದಿದ್ದೆ.” ಆ ಕಡೆಯ ತೋಪುಗಳು ಒಂದೊಂದಾಗಿ ಬೇರೆ ದಿಕ್ಕಿಗೆ ತಿರುಗಿದವು. ಬಳಿಕ ಕಾಡುಪಾಪ, “ಢಿಕ್ಕಿ ಹೊಡೆದಿದ್ದಕ್ಕೆ ಸೇಡು ತೀರಿಸ್ಕೊಳ್ಳೋಕೆ ಬರ್ತಿದ್ದೀರಾ ಅಂದ್ಕೊಂಡ್ವಿ. ರಾತ್ರಿಯೆಲ್ಲ ತೋಪು ಮಾಡಿದ್ವಿ. ಹೀಗಂತ ಮೊದ್ಲೇ ಹೇಳ್ಬಾರ್ದಾ?” ಎಂದ.

“ಹಾಗಂತಲೇ ಹೇಳಿದ್ದೆ,” ಎಂದೆ.

ಅವರು ಒಳ್ಳೆಯವರು. ತಾವು ಸುಟ್ಟ ಹಡಗನ್ನು ತಾವೇ ಮತ್ತೆ ಕಟ್ಟಿಕೊಟ್ಟರು. ಗುಂಪಿಗೆ ‘ಮುಯ್ಯಿ’ ಎಂದೇ ಹೆಸರಿಟ್ಟರು. ಎರಡು ಅರ್ಥಗಳಲ್ಲಿ ಹೊರಗಿನವರಿಗೆ ಕಾಡುಪಾಪ ಒಂದನ್ನು ಮಾತ್ರ ಹೇಳುತ್ತಿದ್ದ. ಆಮೇಲೆ ದರೋಡೆಕೋರರು ನಮ್ಮ ಬಂಡೆಗಳ ಕಡೆ ಬರುವುದು ಕಡಿಮೆಯಾಯಿತು. ಒಳಗೆ ನಾವು ಒಬ್ಬರಿಗೊಬ್ಬರು ಅದಿರು ಹೊರುತ್ತಿದ್ದೆವು.

ಇಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಊರಿಗೆ ಹೊರಟ ಅತ್ತೆ ಹೊಸ್ತಿಲಲ್ಲಿ ನಿಂತು, “ತೊಗರಿ ಕೊಯ್ಲಿಗೆ ಬಂದುಬಿಡು. ಫೋನ್ ಕಾದ ಮುಯ್ಯಿ ನಿನ್ನ ಮ್ಯಾಲ ಅದ,” ಎಂದಳು. ಇಲ್ಲವೆನ್ನಲು ಶಬ್ದ ಸಿಗಲಿಲ್ಲ. ಸಿಕ್ಕಿದ್ದರೂ ಅದಕ್ಕೆ ಎರಡು ಅರ್ಥವಿರುತ್ತಿತ್ತೇನೋ.

ಡಿಸೆಂಬರಿನ ಬೆಳಿಗ್ಗೆ ಕೊಹಿನೂರಿನ ಹೊಲದಲ್ಲಿ ಕುಡಗೋಲು ಹಿಡಿದು ನಿಂತೆ. ತೊಗರಿ ಗಿಡ ನೋಡಲು ಮೆತ್ತಗೆ, ಬುಡದಲ್ಲಿ ಕಟ್ಟಿಗೆ. ಅತ್ತೆಯ ಓಣಿಯ ಹೆಣ್ಣುಮಕ್ಕಳು ಹರಟುತ್ತ ಹರಟುತ್ತ ಬದುವಿನ ಆಚೆ ತಲುಪಿದಾಗ ನಾನಿನ್ನೂ ಆರಂಭದ ಗಿಡಗಳ ಜೊತೆ ಪರಿಚಯ ಮಾಡಿಕೊಳ್ಳುತ್ತಿದ್ದೆ. “ಮಾಸ್ತರಬಾಯಿ ಗಿಡಕ್ಕ ಪಾಠ ಹೇಳಾಕತ್ತಾರ,” ಎಂದಳೊಬ್ಬಳು. “ಹೇಳ್ಲಿ ಬಿಡ, ತೊಗರಿಯರೆ ಶಾಣ್ಯಾ ಆಗ್ಲಿ,” ಎಂದಳು ಇನ್ನೊಬ್ಬಳು. ನನ್ನ ಸಾಲು ಮುಂದಕ್ಕೆ ಒಂಟಿಯಾಗಿ ನಿಂತಿತ್ತು. ಕೇಳುವುದಂತೂ ನನ್ನಿಂದ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ತಲೆಯೆತ್ತಿದರೆ, ತಮ್ಮ ಸಾಲು ಮುಗಿಸಿದವರು ಆ ತುದಿಯಿಂದ ನನ್ನ ಸಾಲನ್ನೇ ಕೊಯ್ಯುತ್ತ ನನ್ನ ಕಡೆ ಬರುತ್ತಿದ್ದರು. ನಾನೂ ಕೊಯ್ಯುತ್ತ ಅವರತ್ತ ಸರಿದೆ. ನಡುವೆ ಎಲ್ಲೋ ಕುಡಗೋಲಿಗೆ ಕುಡಗೋಲು ಎದುರಾಯಿತು. ಬುತ್ತಿ ಬಿಚ್ಚುವಾಗ ಅತ್ತೆ ಶಾಂತವಾಗಿ, “ನನ್ನ ಮುಯ್ಯಿ ತೀರ್ತು. ಈಗ ಇವರೆಲ್ಲಾರದೂ ನಿನ್ನ ಮ್ಯಾಲ ಬಿತ್ತು,” ಎಂದಳು.

ಊರಿಗೆ ಬಂದು, ಬೆನ್ನಿಗೆ ದಿಂಬು ಆನಿಸಿ ಕುಳಿತು, ಆಟದೊಳಗೆ ಹೋದೆ. “ಎಲ್ಲಿ ಹೋಗಿದ್ರಿ ಭೀಮಣ್ಣೋರೆ?” ಎಂದ ಕಾಡುಪಾಪ.

“ಊರಾಗ ಮುಯ್ಯಿ ತೀರಸಾಕ.”

“ಯಾವ ಮುಯ್ಯಿ? ಯಾರಾದ್ರೂ ಹೋದ್ರಾ?”

“ನಡ ಹೋತು,” ಎಂದು ಬರೆದೆ. ನಮ್ಮ ಕಡೆ ಸೊಂಟಕ್ಕೆ ನಡ ಎನ್ನುತ್ತೇವೆ.

ಅವನು ಬರೆದ: “ಛೆ. ನಡ ಅವ್ರು ನಿಮಗೆ ತುಂಬಾ ಹತ್ತಿರದೋರಾ?”

ನಾನು ನಿಖರತೆಯನ್ನು ಪ್ರೀತಿಸುವವಳು. “ಹೌದು, ಬಹಳ ಹತ್ತಿರದವರು,” ಎಂದೆ. ಆ ಸಂಜೆ ಎಲ್ಲ ಹಡಗುಗಳೂ ದೀಪ ಆರಿಸಿ, ಅಂತರಿಕ್ಷದಲ್ಲಿ ಸಾಲಾಗಿ ನಿಂತು, ನನ್ನ ಸೊಂಟಕ್ಕಾಗಿ ಮೌನ ಆಚರಿಸಿದವು. ನಾನು ತಿದ್ದಲಿಲ್ಲ. ಎಷ್ಟೆಂದರೂ ಅದು ಖಾಸಗಿ ವಿಷಯ.