ಎಮ್ಮೆಯ ಮುಂದೆ ಎರಡನೇ ನಿಯಮ

ಗ್ರಹ, ನಕ್ಷತ್ರಗಳಿಂದ ಹಿಡಿದು ಕಬ್ಬಿನ ಟ್ರಾಲಿಯವರೆಗೆ ಸಮಸ್ತ ವಸ್ತುಗಳೂ ಚಲನೆಯ ನಿಯಮಗಳಿಗೆ ಬದ್ಧವಾಗಿವೆ. ಆ ನಿಯಮಗಳನ್ನು ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತನಾದ ನಾನು, ಅವುಗಳಿಂದಲೂ ನಿವೃತ್ತನಾಗಿದ್ದೇನೆ ಎಂದು ತಿಳಿದಿದ್ದೆ.

ಮರಾಠಿ ಗಡಿಯ ನಮ್ಮ ನೇಸರಿ ಕಡೆ ದೀಪಾವಳಿ ಪಾಡ್ಯಕ್ಕೆ ಎಮ್ಮೆಗಳ ಓಟ. ಮಾಲೀಕ ಬೈಕೋ ಮೊಪೆಡ್ಡೋ, ತನ್ನ ಗಾಡಿಯ ಮೇಲೆ ಮುಂದೆ. ಕೊಂಬಿಗೆ ಬಣ್ಣ ಹಚ್ಚಿಕೊಂಡ ಎಮ್ಮೆ, ಹಗ್ಗವಿಲ್ಲದೆ, ಹಿಂದೆ. ಗೆರೆ ದಾಟಿ ಇಬ್ಬರೂ ಅಕ್ಕಪಕ್ಕ ನಿಲ್ಲಬೇಕು. ಎಮ್ಮೆ ಗಾಡಿಗೆ ತಾಗಿದರೆ ಸ್ಪರ್ಧೆಯಿಂದ ಹೊರಗೆ.

ನನ್ನ ಹೆಂಡತಿ ಶಾಂತಾ ನಮ್ಮ ಚಂದ್ರಿಯನ್ನು ಕರುವಾಗಿದ್ದಾಗಿನಿಂದ ತನ್ನ ಮೊಪೆಡ್ ಹಿಂದೆ ಓಡಿಸಿ ತಯಾರು ಮಾಡಿದ್ದಳು. ಹೋದ ವರ್ಷ ಗೆದ್ದವನು ನೆರೆಮನೆಯ ಬಾಪು. ಬಹುಮಾನದ ಢಾಲು, ಅಂದರೆ ಶೀಲ್ಡನ್ನು, ನಮ್ಮ ಅಡುಗೆಮನೆ ಕಿಟಕಿಗೆ ಎದುರಾಗಿಯೇ ತೂಗುಹಾಕಿದ್ದ. ಶಾಂತಾ ವರ್ಷವಿಡೀ ಅದನ್ನು ನೋಡುತ್ತಲೇ ರೊಟ್ಟಿ ಬಡಿದಳು. ರೊಟ್ಟಿ ಬಹಳ ತೆಳ್ಳಗೆ ಬರುತ್ತಿದ್ದವು!

ಹಬ್ಬದ ಹಿಂದಿನ ದಿನ ಆಕೆಯ ಕಾಲು ಉಳುಕಿತು.

“ನೀವ ಹೋಗ್ರಿ,” ಎಂದಳು. “ಸುಮ್ನ ಮುಂದ ಗಾಡಿ ಹೊಡೀರಿ, ಆಕಿ ಬರ್ತಾಳ. ಶಾಣ್ಯಾತನ ಮಾತ್ರ ಮಾಡಬ್ಯಾಡ್ರಿ.”

ಜಾಣತನ ತೋರಿಸಬೇಡಿ ಎಂಬ ಕೊನೆಯ ವಾಕ್ಯ ನನಗೆ ಅನ್ವಯಿಸುವುದಿಲ್ಲವೆಂದು ತೀರ್ಮಾನಿಸಿದೆ.

ಮೊಪೆಡ್ ಹಗುರ. ನಾನೂ ಹಗುರ. ಚಂದ್ರಿ ಮೂತಿ ತಾಗಿಸಿದರೂ ಸಾಕು, ಹಾರಿಹೋಗುತ್ತೇವೆ. ಆದರೆ ದ್ರವ್ಯರಾಶಿ ಹೆಚ್ಚಾದರೆ ಅದೇ ಬಲಕ್ಕೆ ವೇಗೋತ್ಕರ್ಷ ಕಡಿಮೆ. ಎರಡನೇ ನಿಯಮ! ಆದ್ದರಿಂದ ದನದ ಕೊಟ್ಟಿಗೆಯಲ್ಲಿ ಕೈಗೆ ಸಿಕ್ಕ ಅತ್ಯಂತ ಭಾರದ ಚೀಲವನ್ನು ಹಿಂದಿನ ಸೀಟಿಗೆ ಬಿಗಿದೆ.

“ಅಯ್ಯ, ಶೇಂಗಾ ಹಿಂಡಿ ಚೀಲಾ ಯಾಕ ಕಟ್ಟಾಕತ್ತೀರಿ?” ಎಂದಳು ಶಾಂತಾ.

“ಭಾರಕ್ಕ.”

“ಕಲ್ಲ ಸಿಗಲಿಲ್ಲೇನ?”

“ಕಲ್ಲಾದ್ರೇನ, ಹಿಂಡಿಯಾದ್ರೇನ, ನಿಯಮಕ್ಕ ಎಲ್ಲಾ ಒಂದ!”

ನಿಯಮಕ್ಕೆ ಒಂದೇ. ಎಮ್ಮೆಗೆ ಅಲ್ಲ.

ಓಟದ ಬಯಲಿನಲ್ಲಿ ಸೀಟಿ ಊದಿದರು. ಭಾರವಾದ ಮೊಪೆಡ್ ನಿಯಮವನ್ನು ಶಿರಸಾವಹಿಸಿ, ಮೆರವಣಿಗೆಯ ಗತಿಯಲ್ಲಿ ಹೊರಟಿತು. ಚಂದ್ರಿಗೆ ಹಿಂಡಿಯ ವಾಸನೆ ಬಡಿಯಿತು. ನಾನು ಹಿಂತಿರುಗಿ ನೋಡಿದೆ. ನೋಡಬಾರದಿತ್ತು! ದಿನವೂ ಸೊಸೆಯಂತೆ ತಲೆ ತಗ್ಗಿಸಿ ಓಡುತ್ತಿದ್ದ ಪ್ರಾಣಿ ನಾಲಿಗೆ ಚಾಚಿಕೊಂಡು ನನ್ನ ಬೆನ್ನಿಗೇ ಬರುತ್ತಿತ್ತು. ದ್ರವ್ಯರಾಶಿಯ ಸಂಭ್ರಮದಲ್ಲಿ ನಾನು ಬಲವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ!

ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಮೊಪೆಡ್ ಕೆಮ್ಮಿತು. ಚಂದ್ರಿಯ ಉಸಿರು ಕುತ್ತಿಗೆಗೆ ಬಿಸಿಯಾಗಿ ತಟ್ಟಿತು. ಆದರೂ ಆಶ್ಚರ್ಯ, ಉಳಿದ ಎಮ್ಮೆಗಳೆಲ್ಲ ಎಷ್ಟೋ ಹಿಂದೆ! ನಾವು ಗೆಲ್ಲುತ್ತಿದ್ದೆವು! ಗೆರೆ ದಾಟಿದೆವು!

“ಮಾಸ್ತರ, ಬ್ರೇಕ್ ದಾಬಾ! ಬ್ರೇಕ್!” ಎಂದು ಜನ ಮರಾಠಿಯಲ್ಲಿ ಕೂಗಿದರು.

“ಬ್ರೇಕ್ ಒತ್ತಬ್ಯಾಡ್ರಿ! ಹೋಗ್ರಿ, ಹಂಗ ಮುಂದ ಹೋಗ್ರಿ!” ಎಂದು ಗೆರೆಯ ಪಕ್ಕದಿಂದ ಶಾಂತಾ ಕಿರುಚಿದಳು.

ನಾನು ಬಹುಮತಕ್ಕೆ ಮನ್ನಣೆ ಕೊಟ್ಟೆ. ಮೊಪೆಡ್ ನಿಂತಿತು. ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವೇ ಸಂವೇಗ. ಚಂದ್ರಿಯ ಬಳಿ ಎರಡೂ ಧಾರಾಳವಾಗಿದ್ದವು. ಬ್ರೇಕ್ ಇರಲಿಲ್ಲ.

ಮುಂದಿನ ಕ್ಷಣ ನಾನು ಹಲಗಿ ಬಾರಿಸುವವರ ನಡುವೆ ಬಿದ್ದಿದ್ದೆ. ಇದೂ ಕಾರ್ಯಕ್ರಮದಲ್ಲಿ ಸೇರಿದೆಯೆಂದು ತಿಳಿದು ಅವರು ಇನ್ನೂ ಜೋರಾಗಿ ಬಾರಿಸಿದರು!

ಬಾಪು ಓಡಿಬಂದ. “ಮಾಸ್ತರ, ಜೀವ ಐತೇನ್ರಿ?”

“ಚಂದ್ರಿ ಎಲ್ಲಿ?”

“ಚೀಲಾ ಹರದೈತಿ. ಹಿಂಡಿ ತಿನ್ನಾಕತ್ತಾಳ. ಭಾಳ ಆರಾಮ ಅದಾಳ.”

ಶಾಂತಾ ಕುಂಟುತ್ತ ಬಂದಳು. ನನ್ನನ್ನು ದಾಟಿ ಹೋಗಿ ಚಂದ್ರಿಯ ನಾಲ್ಕೂ ಕಾಲು ಸವರಿ ನೋಡಿದಳು. ಆಮೇಲೆ ಈ ಕಡೆ ತಿರುಗಿದಳು. ಕಣ್ಣು ತುಂಬಿದ್ದವು.

“ಆಕಿ ಗೆದ್ದಿದ್ಲರೀ,” ಎಂದಳು. “ನೀವ ಅಡ್ಡ ನಿಂತ್ರಿ.”

ಗಾಡಿಗೆ ತಾಗಿದ ಚಂದ್ರಿ ಸ್ಪರ್ಧೆಯಿಂದ ಹೊರಬಿದ್ದು, ಬಹುಮಾನ ಮುರಗೂಡದ ಎಮ್ಮೆಗೆ ಹೋಯಿತು. ಗಡಹಿಂಗ್ಲಜದ ದವಾಖಾನೆಯಲ್ಲಿ ನನ್ನ ಬಲಗೈಗೆ ಪ್ಲಾಸ್ಟರ್ ಹಾಕಿದರು.